ತೂಕ ಇಳಿಸಿದ ಮೇಲೆ ಹಸಿವು ಜಾಸ್ತಿ ಆಗೋದು ಮೆದುಳಿನ ಕೆಲಸವಂತೆ, ಹೌದಾ?

ತೋಟದ ರೈಟರ್:
ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಕೆಲಸ, ಅಂದ್ರೆ ಲೆಕ್ಕ ಬರೆಯೋ ಕೆಲಸ ನನ್ನದು. ಶುಗರ್ ಬಾರ್ಡರಿಗೆ ಬಂದಿದೆ ಅಂತ ಡಾಕ್ಟ್ರು ಹೆದರಿಸಿದ್ರು, ಹಟ ಹಿಡಿದು ತೂಕ ಇಳಿಸಿದೆ. ರಾತ್ರಿ ಅನ್ನ ಬಿಟ್ಟೆ, ಸಂಜೆ ಬೋಂಡ ಬಿಟ್ಟೆ, ಪಂದಿ ಕರಿಯಲ್ಲಿ ಕೊಬ್ಬಿನ ತುಂಡು ಆರಿಸಿ ತಟ್ಟೆ ಬದಿಗೆ ಇಟ್ಟೆ. ಅದನ್ನ ನೋಡಿ ಅತ್ತೆಗೆ ಅಳಿಯನಿಗೆ ಏನೋ ದೊಡ್ಡ ಕಾಯಿಲೆ ಬಂದಿದೆ ಅಂತ ಅನುಮಾನ.

ತೂಕ ಇಳಿದದ್ದು ನಿಜ. ಈಗ ತೊಂದರೆ ಬೇರೆ. ಮೊದಲಿಗಿಂತ ಹಸಿವು ಜಾಸ್ತಿ. ಬೆಳಿಗ್ಗೆ ಮಸ್ಟರ್ (ಆಳುಗಳ ಹಾಜರಿ) ಬರೆಯುವಾಗಲೇ ಹೊಟ್ಟೆ ಕೂಗುತ್ತೆ. ಕಾಫಿ ಹಣ್ಣು ತೂಕ ಹಾಕುವ ಹೊತ್ತಿಗೆ ಆಳುಗಳ ಲೈನ್ ಮನೆ ಕಡೆಯಿಂದ ಒಣಮೀನು ಸುಡುವ ವಾಸನೆ ಬಂದ್ರೆ ತಕ್ಕಡಿ ಮುಳ್ಳು ಎಲ್ಲಿ ನಿಂತಿದೆ ಅಂತ ಎರಡು ಸಲ ನೋಡಬೇಕು. ತಿನ್ನೋದು ಅಷ್ಟೇ ಇದ್ರೂ ತೂಕ ಮೆಲ್ಲಗೆ ವಾಪಸ್ ಏರ್ತಾ ಇದೆ.

ಡಾಕ್ಟ್ರ ಹತ್ರ ಹೇಳಿದ್ರೆ "ಕೇಳ್ತಾ ಇರೋದು ನಿಮ್ಮ ಹೊಟ್ಟೆ ಅಲ್ಲ, ಮೆದುಳು" ಅಂದು ಮುಂದಿನ ಪೇಷೆಂಟನ್ನ ಕರೆದ್ರು. ಇದು ನಿಜಾನಾ, ಇಲ್ಲ ನನ್ನ ಸಮಾಧಾನಕ್ಕೆ ಹೇಳಿದ್ದಾ?

ಜಿಗಣೆ:
ಬಾಯಿ ಚಪಲಕ್ಕೆ ಈಗ ಮೆದುಳು ಅಂತ ಹೆಸರು. ಮುಂದೆ ಹೋಗಿ.

ಬಯಾಲಜಿ ಮೇಡಂ:
ರೈಟರೇ, ನಿಮ್ಮ ಡಾಕ್ಟರ್ ಹೇಳಿದ್ದು ನಿಜ. ಅವಸರದಲ್ಲಿ ಅರ್ಧಕ್ಕೇ ನಿಲ್ಲಿಸಿದ್ದಾರೆ ಅಷ್ಟೆ.

ಮೆದುಳಿನ ಬುಡದಲ್ಲಿ ಹೈಪೊಥಲಾಮಸ್ ಅಂತ ಒಂದು ಭಾಗ ಇದೆ. ತೂಕ ಸುಮಾರು 4 ಗ್ರಾಂ. ಅದರಲ್ಲಿ ಆರ್ಕುಯೇಟ್ ನ್ಯೂಕ್ಲಿಯಸ್ ಎಂಬ ಸಣ್ಣ ಜಾಗದಲ್ಲಿ ಎರಡು ಗುಂಪಿನ ನರಕೋಶಗಳಿವೆ. ಎಜಿಆರ್‌ಪಿ ಕೋಶಗಳು ಚುರುಕಾದರೆ ಹಸಿವು ಏರುತ್ತದೆ, ಮೈ ಶಕ್ತಿ ಖರ್ಚು ಮಾಡುವುದನ್ನು ಕಡಿಮೆ ಮಾಡುತ್ತದೆ. ಪಿಒಎಂಸಿ ಕೋಶಗಳು ಚುರುಕಾದರೆ ಹಸಿವು ಇಳಿಯುತ್ತದೆ, ಖರ್ಚು ಏರುತ್ತದೆ. ಪಿಒಎಂಸಿ ಕೋಶಗಳಿಂದ ಹೊರಡುವ ಸಂದೇಶವನ್ನು ಮುಂದಿನ ಕೋಶಗಳಲ್ಲಿರುವ ಎಂಸಿ4ಆರ್ ಎಂಬ ಗ್ರಾಹಕ (ರಿಸೆಪ್ಟರ್) ಹಿಡಿಯುತ್ತದೆ. ಅದೇ ಗ್ರಾಹಕವನ್ನು ಎಜಿಆರ್‌ಪಿ ಕೋಶಗಳು ಬಿಡುವ ಅದೇ ಹೆಸರಿನ ವಸ್ತು ಬಂದು ಮುಚ್ಚುತ್ತದೆ. ಎರಡೂ ಬಣದ ಜಗಳ ಒಂದೇ ಬಾಗಿಲಲ್ಲಿ.

ಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ಈ ಕೋಶಗಳಿಗೆ ತಿಳಿಸುವುದು ಲೆಪ್ಟಿನ್ ಎಂಬ ಹಾರ್ಮೋನು. ಅದನ್ನು ಮಾಡುವುದು ಕೊಬ್ಬಿನ ಕೋಶಗಳೇ. ನಿಮ್ಮ ಎಸ್ಟೇಟ್ ಗೋಡೌನಿನ ಸ್ಟಾಕ್ ರಿಜಿಸ್ಟರ್ ಅಂದುಕೊಳ್ಳಿ. ನೀವು ತೂಕ ಇಳಿಸಿದಾಗ ಲೆಪ್ಟಿನ್ ಬಿತ್ತು. ಮೆದುಳಿಗೆ ನಿಮ್ಮ ಶುಗರ್ ರಿಪೋರ್ಟ್ ಕಾಣುವುದಿಲ್ಲ, ರಿಜಿಸ್ಟರ್ ಮಾತ್ರ ಕಾಣುವುದು. ಬರಗಾಲ ಬಂತು ಎಂದೇ ಅದರ ಲೆಕ್ಕ.

ಮಳೆಗಾಲದ ಸೊಸೆ:
ಮೇಡಂ ನನ್ನದೊಂದು ಡೌಟು. ನಾನು ಮೈಸೂರು ಕಡೆಯವಳು, ಮದುವೆಯಾಗಿ ಭಾಗಮಂಡಲಕ್ಕೆ ಬಂದದ್ದು. ಇಲ್ಲಿ ಆಟಿ ತಿಂಗಳ ಮಳೆ ಚಳಿಯಲ್ಲಿ ನನಗೆ ಯಾವಾಗ ನೋಡಿದ್ರೂ ಹಸಿವು. ಮದ್ದು ಸೊಪ್ಪಿನ ಪಾಯಸ ಒಂದು ಪಾತ್ರೆ ನಾನೇ ಖಾಲಿ ಮಾಡಿದ್ದೇನೆ. ಚಳಿಗೂ ಈ ಕೋಶಗಳಿಗೂ ಸಂಬಂಧ ಇದೆಯಾ?

ನಾಪೋಕ್ಲು ಲೆಫ್ಟ್ ವಿಂಗ್:
ಅಕ್ಕ, ಮದ್ದು ಸೊಪ್ಪಿನ ಪಾಯಸಕ್ಕೆ ಹಸಿವೇ ಬೇಕಿಲ್ಲ. ಜೇನು, ತೆಂಗಿನಕಾಯಿ ಹಾಕಿದ್ರೆ ಯಾರು ಬಿಡ್ತಾರೆ?

ಇಲಿಮರಿ:
ಬೆಂಗಳೂರಲ್ಲಿ ನ್ಯೂರೋಸೈನ್ಸ್ ಪಿಎಚ್‌ಡಿ ಮಾಡ್ತಿದ್ದೇನೆ, ಊರು ಸೋಮವಾರಪೇಟೆ. ದಿನಾ ಇಲಿಗಳ ಜೊತೆಗೇ ವಾಸ, ಹಾಗಾಗಿ ಬಾಯಿ ಹಾಕ್ತೇನೆ.

ಸೊಸೆ ಅಕ್ಕ, ಒಳ್ಳೇ ಪ್ರಶ್ನೆ. 2023ರಲ್ಲಿ ಅಮೆರಿಕದ ಸ್ಕ್ರಿಪ್ಸ್ ರಿಸರ್ಚ್‌ನವರು ಇಲಿಗಳನ್ನ 4 ಡಿಗ್ರಿ ಚಳಿಯಲ್ಲಿಟ್ಟು ನೋಡಿದ್ರು. ಚಳಿ ಬಿದ್ದ ಕೂಡಲೇ ಇಲಿ ತಿನ್ನೋಕೆ ಓಡಲ್ಲ, ಕೆಲವು ಗಂಟೆ ಬಿಟ್ಟು ಓಡುತ್ತೆ. ಮೈ ಕಾಯಿಸೋಕೆ ಶಕ್ತಿ ಖರ್ಚಾಗಿ ಕೊರತೆ ಬಿದ್ದ ಮೇಲೆ ಥಲಾಮಸ್‌ನ ಕ್ಸಿಫಾಯ್ಡ್ ಅನ್ನೋ ಸಣ್ಣ ಗುಂಪಿನ ಕೋಶಗಳು ಎದ್ದು ಆಹಾರ ಹುಡುಕಿಸ್ತವೆ. ಆದ್ರೆ ಭಾಗಮಂಡಲದ ಜುಲೈ 4 ಡಿಗ್ರಿ ಅಲ್ಲ, ನೀವು ಸ್ವೆಟರ್ ಬೇರೆ ಹಾಕಿರ್ತೀರಿ. ಮಳೆಗೆ ಒಳಗೇ ಕೂತು ಬೇಜಾರಾಗಿ ತಿನ್ನೋದು ಇನ್ನೊಂದು ಲೆಕ್ಕ.

ಮಳೆಗಾಲದ ಸೊಸೆ:
ಬೇಜಾರು ಅಂತ ಅತ್ತೆ ಎದುರಿಗೆ ಹೇಳೋಕಾಗಲ್ಲ, ಕ್ಸಿಫಾಯ್ಡ್ ಅಂತಲೇ ಹೇಳ್ತೇನೆ.

ಜಿಗಣೆ:
ನಮ್ಮ ಅಜ್ಜ ವಾರಕ್ಕೆ ನಾಲ್ಕು ದಿನ ಪಂದಿ ತಿಂದವರು. ಬೆಳಿಗ್ಗೆ ಅಕ್ಕಿ ರೊಟ್ಟಿಗೆ ಬೆಣ್ಣೆ, ಮಧ್ಯಾಹ್ನ ಕಡಂಬುಟ್ಟು. ಸಾಯುವವರೆಗೆ ಹೊಟ್ಟೆ ಬಂದಿರಲಿಲ್ಲ. ಅವರಿಗೆ ಹೈಪೊಥಲಾಮಸ್ ಇರಲಿಲ್ವಾ?

ಬಯಾಲಜಿ ಮೇಡಂ:
ಇತ್ತು, ನಿಮಗಿರುವಂಥದ್ದೇ. ಅವರು ನೇಗಿಲು ಕಟ್ಟಿ ಗದ್ದೆ ಉತ್ತವರು. ನೀವು ಗದ್ದೆಗೆ ಜೀಪಿನಲ್ಲಿ ಹೋಗುತ್ತೀರಿ.

ಜಿಗಣೆ:
ಅದನ್ನೇ ನಾನೂ ಹೇಳ್ತಿರೋದು. ನಲವತ್ತು ವರ್ಷದಲ್ಲಿ ಮನುಷ್ಯನ ಮೆದುಳು ಬದಲಾಗಿಲ್ಲ. ಬದಲಾದದ್ದು ತಿನ್ನೋದು, ಕೂತ್ಕೊಳ್ಳೋದು. ಹಾಗಿರುವಾಗ ಕೋಶ ಕೋಶ ಅಂತ ಯಾಕೆ ಬಡ್ಕೊಳ್ತೀರಿ?

ಇಲಿಮರಿ:
ಮಾವ, ನಿಮ್ಮ ಪಾಯಿಂಟು ಸರಿ ಇದೆ, ತೀರ್ಮಾನ ಸರಿ ಇಲ್ಲ. ಕೋಶ ಹಳೇದು, ಊಟ ಹೊಸದು, ಗಲಾಟೆ ಆಗ್ತಿರೋದು ಅವೆರಡರ ನಡುವೆ. 2019ರಲ್ಲಿ ಅಮೆರಿಕದ ಎನ್‌ಐಎಚ್ ಅನ್ನೋ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನ ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಪ್ಯಾಕೆಟ್ ಥರದ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟಿತು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲಾ ಸಮ. ಎಷ್ಟು ಬೇಕಾದ್ರೂ ತಿನ್ನಿ ಅಂದ್ರು. ಸಂಸ್ಕರಿತ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು. ಯಾರಿಗೂ ಎರಡು ವಾರದಲ್ಲಿ ಮನೋಬಲ ಕಮ್ಮಿ ಆಗಿರಲ್ಲ ಅಲ್ವಾ?

ಜಿಗಣೆ:
ಇಪ್ಪತ್ತು ಜನ. ನಮ್ಮ ಕೇರಿ ಮದುವೆಯಲ್ಲಿ ಬಡಿಸೋಕೇ ಅಷ್ಟು ಜನ ಇರ್ತಾರೆ.

ಇಲಿಮರಿ:
ಸಣ್ಣದು, ಒಪ್ಪಿದೆ. ಆದ್ರೆ ತಿಂದ ಒಂದೊಂದು ತುತ್ತೂ ಅಳೆದ ಪ್ರಯೋಗ ಅದು. ಸಾವಿರ ಜನಕ್ಕೆ ಫಾರಂ ಕೊಟ್ಟು "ನಿನ್ನೆ ಏನು ತಿಂದ್ರಿ" ಅಂತ ಕೇಳೋದಕ್ಕಿಂತ ನಾನು ಇದನ್ನ ಹೆಚ್ಚು ನಂಬ್ತೇನೆ.

ನೈಟ್ ಡ್ಯೂಟಿ:
ಸ್ಟಾಫ್ ನರ್ಸ್ ನಾನು. ರಾತ್ರಿ ಪಾಳಿ ಇದ್ದ ವಾರ ಬೆಳಗಾಗುವ ಹೊತ್ತಿಗೆ ಸಿಹಿ ಕಂಡ್ರೆ ಬಿಡಲ್ಲ, ಹಗಲು ಪಾಳಿಯಲ್ಲಿ ಹಾಗಾಗಲ್ಲ. ಯಾಕೆ?

ಇಲಿಮರಿ:
ನಿದ್ದೆ ಅಕ್ಕ. 2004ರಲ್ಲಿ ಶಿಕಾಗೋದಲ್ಲಿ 12 ಆರೋಗ್ಯವಂತ ಹುಡುಗರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗೋಕೆ ಬಿಟ್ರು. ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದ್ರೆ ಲೆಪ್ಟಿನ್ 18% ಇಳಿದಿತ್ತು, ಹೊಟ್ಟೆಯಿಂದ ಬರುವ ಹಸಿವಿನ ಹಾರ್ಮೋನು ಗ್ರೆಲಿನ್ 28% ಏರಿತ್ತು. ಸಿಹಿ, ಉಪ್ಪು ತಿಂಡಿ ಮೇಲೇ ಆಸೆ ಜಾಸ್ತಿ. (ಜಿಗಣೆ ಮಾವ, ಹನ್ನೆರಡೇ ಜನ, ಗೊತ್ತು, ಟೈಪ್ ಮಾಡೋದು ನಿಲ್ಸಿ.)

ತೋಟದ ರೈಟರ್:
ನನ್ನ ಪ್ರಶ್ನೆಗೆ ಬನ್ನಿ ಸ್ವಲ್ಪ. ಈ ಬರಗಾಲದ ಲೆಕ್ಕ ಮೆದುಳು ಎಷ್ಟು ದಿನ ಹಾಕ್ತಾ ಕೂರುತ್ತೆ? ಒಂದು ತಿಂಗಳು ತಡೆದ್ರೆ ಸರಿ ಹೋಗುತ್ತಾ?

ಬಯಾಲಜಿ ಮೇಡಂ:
ಒಂದು ತಿಂಗಳಲ್ಲಿ ಆಗುವಂಥದ್ದಲ್ಲ. 2011ರಲ್ಲಿ ಮೆಲ್ಬರ್ನ್‌ನ ವೈದ್ಯರು 50 ಜನರಿಗೆ ಹತ್ತು ವಾರ ಬಿಗಿಯಾದ ಪಥ್ಯ ಮಾಡಿಸಿ ತೂಕ ಇಳಿಸಿದರು. ಒಂದು ವರ್ಷ ಕಳೆದು ನೋಡಿದರೂ ಲೆಪ್ಟಿನ್ ಮೊದಲಿನ ಮಟ್ಟಕ್ಕಿಂತ ಕೆಳಗೆ, ಗ್ರೆಲಿನ್ ಮೇಲೆ, ಹಸಿವೂ ಮೊದಲಿಗಿಂತ ಹೆಚ್ಚು. ಖರ್ಚಿನ ಕಡೆ ಇನ್ನೂ ಕಷ್ಟ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿದರು. ಸುಮ್ಮನೆ ಮಲಗಿದ್ದಾಗ ಅವರ ಮೈ ಸುಡುತ್ತಿದ್ದ ಕ್ಯಾಲೊರಿ, ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಇತ್ತು. ಅವರದು ವಿಪರೀತದ ಪ್ರಕರಣ, ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ, ಅರೆಹೊಟ್ಟೆ. ನಿಮಗೆ ಅಷ್ಟಾಗುವುದಿಲ್ಲ. ಆದರೆ "ತಿನ್ನೋದು ಅಷ್ಟೇ ಇದ್ರೂ ತೂಕ ಏರ್ತಿದೆ" ಎಂದಿರಲ್ಲ, ಅದು ಸುಳ್ಳಲ್ಲ.

ತೋಟದ ರೈಟರ್:
ಇದನ್ನ ಪ್ರಿಂಟ್ ತೆಗೆದು ಮನೆ ಗೋಡೆಗೆ ಹಾಕ್ತೇನೆ.

ನೈಟ್ ಡ್ಯೂಟಿ:
ಹಾಕಿ, ಜೊತೆಗೆ ಶುಗರ್ ರಿಪೋರ್ಟೂ ಹಾಕಿ. ಬಾರ್ಡರ್ ಶುಗರ್ ಇರುವವರಿಗೆ ಇಳಿಸಿದ್ದರಲ್ಲಿ ಅರ್ಧ ಉಳಿದ್ರೂ ಲಾಭವೇ. ಪೂರ್ತಿ ಉಳಿಯಲಿಲ್ಲ ಅಂತ ಕೈ ಬಿಟ್ಟವರನ್ನ ವಾರ್ಡಿನಲ್ಲಿ ದಿನಾ ನೋಡ್ತೇನೆ.

ನಾಪೋಕ್ಲು ಲೆಫ್ಟ್ ವಿಂಗ್:
ಆ ಎಜಿಆರ್‌ಪಿ ಕೋಶಾನ ಸುಟ್ಟು ಹಾಕಿಬಿಟ್ರೆ ಆಯ್ತಲ್ಲ? ಕೆಲಸ ಮುಗೀತು.

ಇಲಿಮರಿ:
ಮಾಡಿ ನೋಡಿದ್ದಾರೆ ಬ್ರೋ. 2005ರಲ್ಲಿ ಬೆಳೆದ ಇಲಿಗಳಲ್ಲಿ ಆ ಕೋಶಗಳನ್ನ ಮಾತ್ರ ಕೊಂದ್ರು. ಇಲಿಗಳು ಮುಂದೆ ಆಹಾರ ಇದ್ರೂ ತಿನ್ನದೆ ಉಪವಾಸ ಬಿದ್ವು. ಹುಟ್ಟಿದ ಹೊಸದರಲ್ಲೇ ಕೊಂದ್ರೆ ಮಾತ್ರ ಏನೂ ಆಗಲ್ಲ, ಮರಿಯ ಮೆದುಳು ಬೇರೆ ದಾರಿ ಮಾಡ್ಕೊಳ್ಳುತ್ತೆ. ಉಲ್ಟಾನೂ ಮಾಡಿದ್ದಾರೆ: 2011ರಲ್ಲಿ ಬೆಳಕಿನಿಂದ ಆ ಕೋಶಗಳನ್ನ ಚಾಲೂ ಮಾಡಿದ್ರೆ ಹೊಟ್ಟೆ ತುಂಬಿದ ಇಲಿ ಕೆಲವೇ ನಿಮಿಷದಲ್ಲಿ ಮತ್ತೆ ಗಬಗಬ ತಿನ್ನೋಕೆ ಶುರು.

ನನಗೆ ಇಷ್ಟವಾದದ್ದು 2015ರದ್ದು. ಹಸಿದ ಇಲಿಯಲ್ಲಿ ಈ ಕೋಶಗಳು ಊಟ ಹೊಟ್ಟೆಗೆ ಹೋದ ಮೇಲೆ ಸುಮ್ಮನಾಗ್ತವೆ ಅಂತ ಎಲ್ಲರೂ ಅಂದ್ಕೊಂಡಿದ್ರು. ನೋಡಿದ್ರೆ ಊಟ ಕಣ್ಣಿಗೆ ಬಿದ್ದ, ವಾಸನೆ ಬಂದ ಸೆಕೆಂಡುಗಳಲ್ಲೇ ತಣ್ಣಗಾದ್ವು! ಒಂದು ತುತ್ತೂ ತಿಂದಿಲ್ಲ ಇನ್ನೂ. ಅಂದ್ರೆ ಮೆದುಳು ಮುಂದೆ ಎಷ್ಟು ಬರಬಹುದು ಅಂತ ಮೊದಲೇ ಅಂದಾಜು ಹಾಕುತ್ತೆ. ತಿನ್ನೋಕೆ ಸಿಗಲಿಲ್ಲ ಅಂದ್ರೆ ಮತ್ತೆ ಏಳ್ತವೆ.

ತೋಟದ ರೈಟರ್:
ಹಾಗಾದ್ರೆ ಒಣಮೀನಿನ ವಾಸನೆಗೆ ನನ್ನ ಹಸಿವು ತಣ್ಣಗಾಗಬೇಕಿತ್ತಲ್ಲ ಮಾರಾಯ? ನನಗೆ ಬಾಯಲ್ಲಿ ನೀರು ಬರುತ್ತೆ.

ಇಲಿಮರಿ:
ಬಾಯಲ್ಲಿ ನೀರು ತರಿಸೋದು ಬೇರೆ ದಾರಿ ಅಣ್ಣ. ಆಸೆ, ರುಚಿ, ನೆನಪು, ಡೋಪಮಿನ್ ಅನ್ನೋ ಮೆದುಳಿನ ರಾಸಾಯನಿಕ ಎಲ್ಲಾ ಅಲ್ಲಿ ಸೇರ್ಕೊಳ್ಳುತ್ತೆ. ಎಜಿಆರ್‌ಪಿ ನಿಮ್ಮನ್ನ ಆಹಾರದ ಹತ್ರ ಓಡಿಸುತ್ತೆ. ಹತ್ರ ಹೋದ ಮೇಲೆ ತಟ್ಟೆ ಬಿಡದ ಹಾಗೆ ಕೂರಿಸೋದು ಬೇರೆಯವರು.

ಬಯಾಲಜಿ ಮೇಡಂ:
ಈ ಕಥೆಯಲ್ಲಿ ನಮ್ಮ ದೇಶದವರೊಬ್ಬರು ಇದ್ದಾರೆ, ನಮ್ಮ ಮಕ್ಕಳಿಗೆ ಅವರ ಹೆಸರು ಯಾರೂ ಹೇಳಿಕೊಡುವುದಿಲ್ಲ. ಬಾಲಕೃಷ್ಣ ಆನಂದ್. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಜೊತೆ ಸೇರಿ ಇಲಿಗಳ ಹೈಪೊಥಲಾಮಸ್‌ನ ಪಕ್ಕದ ಭಾಗವನ್ನು ಎರಡೂ ಕಡೆ ಹಾನಿ ಮಾಡಿ ನೋಡಿದರು. ಇಲಿಗಳು ತಿನ್ನುವುದನ್ನೇ ನಿಲ್ಲಿಸಿದವು. ನಡುಭಾಗಕ್ಕೆ ಪೆಟ್ಟಾದರೆ ಇಲಿ ವಿಪರೀತ ದಪ್ಪವಾಗುತ್ತದೆ ಎಂಬುದು 1940ರಲ್ಲೇ ಗೊತ್ತಾಗಿತ್ತು. ಆಮೇಲೆ ಆನಂದ್ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗ ಕಟ್ಟಿದರು. "ಹಸಿವಿನ ಕೇಂದ್ರ ಒಂದು, ತೃಪ್ತಿಯ ಕೇಂದ್ರ ಒಂದು" ಎಂಬ ಆಗಿನ ಚಿತ್ರ ಈಗ ಹಾಗೇ ಉಳಿದಿಲ್ಲ, ಹತ್ತಾರು ಬಗೆಯ ಕೋಶಗಳ ಜಾಲ ಅಂತ ಗೊತ್ತಾಗಿದೆ. ಆದರೆ ಎಲ್ಲಿ ಅಗೆಯಬೇಕು ಎಂದು ತೋರಿಸಿದವರು ಅವರು.

ಜಿಗಣೆ:
ಇಲಿ ಇಲಿ ಇಲಿ. ಮನುಷ್ಯರ ವಿಷಯ ಹೇಳಿ.

ಬಯಾಲಜಿ ಮೇಡಂ:
ಹೇಳುತ್ತೇನೆ, ಕೇಳಿ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ಲೆಪ್ಟಿನ್ ಜೀನ್ ಕಂಡುಹಿಡಿದರು. ಮೂರು ವರ್ಷದಲ್ಲಿ ಕೇಂಬ್ರಿಜ್‌ನ ವೈದ್ಯರ ಮುಂದೆ ಪಾಕಿಸ್ತಾನ ಮೂಲದ ಕುಟುಂಬದ ಇಬ್ಬರು ಮಕ್ಕಳು ಬಂದರು. ಎಂಟು ವರ್ಷದ ಹುಡುಗಿ 86 ಕೆಜಿ, ಅವಳ ಸೋದರಸಂಬಂಧಿ ಎರಡು ವರ್ಷದ ಹುಡುಗ 29 ಕೆಜಿ. ಇಬ್ಬರ ಮೈಯಲ್ಲೂ ಲೆಪ್ಟಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಷ್ಟು ಕೊಬ್ಬಿದ್ದರೂ ಮೆದುಳಿಗೆ ಸುದ್ದಿ ಹೋಗುತ್ತಿರಲಿಲ್ಲ. ಊಟ ಮುಗಿದ ಕೂಡಲೇ ಮತ್ತೆ ಊಟಕ್ಕೆ ಅಳುವ ಮಕ್ಕಳು. ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚಿದರು. ಹಸಿವು ಬೇಗನೆ ಇಳಿಯಿತು, ಒಂದು ವರ್ಷದಲ್ಲಿ 16 ಕೆಜಿ ಕಡಿಮೆಯಾದಳು. ಎಂಟು ವರ್ಷದ ಮಗುವಿಗೆ ನೀವು ಬಾಯಿ ಚಪಲ ಎನ್ನುತ್ತೀರಾ?

ಜಿಗಣೆ:
ಮಗುವಿಗೆ ಅನ್ನಲ್ಲ. ಹಾಗಾದ್ರೆ ಎಲ್ಲರಿಗೂ ಲೆಪ್ಟಿನ್ ಚುಚ್ಚಿಬಿಡಿ.

ಬಯಾಲಜಿ ಮೇಡಂ:
ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ದಪ್ಪ ಇರುವವರಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ, ಮೆದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ. ಆ ಮಗುವಿನ ಥರದವರು ತೀರಾ ಅಪರೂಪ.

ನಾಪೋಕ್ಲು ಲೆಫ್ಟ್ ವಿಂಗ್:
ತೂಕ ಇಳಿಸೋಕೆ ಈಗ ಬಂದಿರೋ ವಾರಕ್ಕೊಂದು ಇಂಜೆಕ್ಷನ್? ನಮ್ಮ ಜಿಮ್ಮಲ್ಲಿ ಒಬ್ಬ ಚೀಟಿ ಇಲ್ಲದೇ ತರಿಸಿ ಕೊಡ್ತೇನೆ ಅಂತಿದ್ದ.

ನೈಟ್ ಡ್ಯೂಟಿ:
ದಯವಿಟ್ಟು ಬೇಡ. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ. ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶ, ಮೇದೋಜ್ಜೀರಕದ ತೊಂದರೆ ಇದ್ದವರು ಹೇಳದೇ ತಗೊಂಡ್ರೆ ಕಷ್ಟ. ಫ್ರಿಜ್‌ನಲ್ಲಿಟ್ಟು ಬಂದದ್ದಾ, ಬಸ್ಸಿನ ಡಿಕ್ಕಿಯಲ್ಲಿ ಬೆಂದು ಬಂದದ್ದಾ, ಜಿಮ್ಮಿನವನಿಗೆ ಗೊತ್ತಾ?

ಇಲಿಮರಿ:
ಅದು ಜಿಎಲ್‌ಪಿ-1 ಜಾತಿಯದ್ದು. ಊಟ ಆದ ಮೇಲೆ ಕರುಳಿಂದ ಬರೋ ಹಾರ್ಮೋನಿನ ನಕಲು. ಹೊಟ್ಟೆ ಬೇಗ ಖಾಲಿಯಾಗದ ಹಾಗೆ ಮಾಡುತ್ತೆ, ಜೊತೆಗೆ ಮೆದುಳಿನ ಹಿಂಭಾಗ ಮತ್ತು ಹೈಪೊಥಲಾಮಸ್‌ನ ಕೋಶಗಳಿಗೆ ಹೊಟ್ಟೆ ತುಂಬಿದೆ ಅಂತ ಹೇಳುತ್ತೆ. ವಾಂತಿ ಬರಿಸೋ ಜಾಗವೂ ಅಲ್ಲೇ ಪಕ್ಕದಲ್ಲಿದೆ, ಅದಕ್ಕೇ ಹೊಟ್ಟೆ ತೊಳಸೋದು. 2021ರ ದೊಡ್ಡ ಪ್ರಯೋಗದಲ್ಲಿ ಈ ಜಾತಿಯ ಸೆಮಾಗ್ಲುಟೈಡ್ ಅನ್ನೋ ಔಷಧಿ 68 ವಾರಕ್ಕೆ ಸರಾಸರಿ 15% ತೂಕ ಇಳಿಸ್ತು. ನಿಲ್ಲಿಸಿದವರಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್. ಮೇಡಂ ಹೇಳಿದ ಬರಗಾಲದ ಲೆಕ್ಕ ಅಲ್ಲೂ ಬಂತು.

ಈ ಜಾತಿಯ ಮೊದಲ ಔಷಧಿ 2005ರಲ್ಲಿ ಬಂದದ್ದು, ಗಿಲಾ ಮಾನ್ಸ್ಟರ್ ಅನ್ನೋ ಅಮೆರಿಕದ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನಿಂದ.

ಮಳೆಗಾಲದ ಸೊಸೆ:
ನಮ್ಮ ಅಡಿಗೆ ಮನೆಯಲ್ಲೂ ಒಂದು ಹಲ್ಲಿ ಇದೆ. ಅದನ್ನ ನೋಡಿದ್ರೂ ಹಸಿವು ಹೋಗುತ್ತೆ, ಇಂಜೆಕ್ಷನ್ ಬೇಡ.

ನಾಪೋಕ್ಲು ಲೆಫ್ಟ್ ವಿಂಗ್:
😂😂 ನನಗೇನೂ ಬೇಕಿಲ್ಲ ಬಿಡಿ, ನನ್ನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22. ಕುಟುಂಬದ ಹಾಕಿ ಟೀಮಲ್ಲಿ ಇನ್ನೂ ಆಡ್ತೇನೆ.

ನೈಟ್ ಡ್ಯೂಟಿ:
ಸೊಂಟ ಅಳೆದಿದ್ದೀರಾ? ನಮ್ಮವರಲ್ಲಿ ತೂಕ ಕಡಿಮೆ ಇದ್ದು ಹೊಟ್ಟೆಯೊಳಗೆ ಕೊಬ್ಬು ಇರೋದು ಜಾಸ್ತಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಜೊತೆಗೆ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಬೆಲ್ಟಿನ ಸೈಜು ಹೇಳಬೇಡಿ, ಹೊಕ್ಕುಳ ಮಟ್ಟಕ್ಕೆ ಟೇಪು ಹಿಡೀರಿ.

ನಾಪೋಕ್ಲು ಲೆಫ್ಟ್ ವಿಂಗ್:
ಟೇಪು ಸಿಗ್ತಿಲ್ಲ ಸಿಸ್ಟರ್.

ಜಿಗಣೆ:
ಇಷ್ಟೆಲ್ಲಾ ಓದಿದೆ. ನನ್ನದು ಬೇರೆ ಪ್ರಶ್ನೆ. ನಮ್ಮನೇಲಿ ಲ್ಯಾಬ್ರಡಾರ್ ಇದೆ. ಎಷ್ಟು ಹಾಕಿದ್ರೂ ಸಾಲಲ್ಲ. ಕಣದಲ್ಲಿ ಬಿದ್ದ ಹಲಸಿನ ಬೀಜ, ಕೋಳಿ ಮೇವು, ಒಮ್ಮೆ ಒಂದು ಸೋಪು. ಮೈ ನೋಡಿದ್ರೆ ಹಂದಿಮರಿ. ಇದಕ್ಕೂ ಮೆದುಳೇ ಕಾರಣವಾ?

ಕುಶಾಲನಗರದ ಗೋಡಾಕ್ಟ್ರು:
ನಾನು ಸುಮ್ನೆ ಓದ್ತಾ ಇದ್ದೆ, ಈಗ ನನ್ನ ಸರದಿ. ಹೌದು ಸಾರ್, ಮೆದುಳೇ. ಮೇಲೆ ಹೇಳಿದ ಅದೇ ಪಿಒಎಂಸಿ. 2016ರಲ್ಲಿ ಕೇಂಬ್ರಿಜ್‌ನವರು ಕಂಡುಕೊಂಡದ್ದು: ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗಕ್ಕೆ ಪಿಒಎಂಸಿ ಜೀನಿನಲ್ಲಿ ಒಂದು ತುಂಡು ಇರೋದಿಲ್ಲ. ಅಂಥ ನಾಯಿ ಮಿಕ್ಕವಕ್ಕಿಂತ ಸುಮಾರು 2 ಕೆಜಿ ಜಾಸ್ತಿ ತೂಗುತ್ತೆ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಿದ್ರೆ ಇನ್ನೂ ಜಾಸ್ತಿ. 2024ರಲ್ಲಿ ಅದೇ ಗುಂಪು ಇನ್ನೊಂದು ಹೇಳಿತು: ಇವಕ್ಕೆ ಎರಡು ಊಟದ ನಡುವೆ ಹಸಿವು ಜಾಸ್ತಿ, ಸುಮ್ಮನೆ ಬಿದ್ದಿದ್ದಾಗ ಮೈ ಸುಡೋ ಶಕ್ತಿ ಸುಮಾರು 25% ಕಮ್ಮಿ. ಆ ಕಡೆಯಿಂದಲೂ ಹೊಡೆತ, ಈ ಕಡೆಯಿಂದಲೂ ಹೊಡೆತ.

ಅಂಗವಿಕಲರಿಗೆ ನೆರವಾಗೋಕೆ ತರಬೇತಿ ಕೊಡೋ ಲ್ಯಾಬ್ರಡಾರ್‌ಗಳಲ್ಲಿ ಈ ತುಂಡು ಇಲ್ಲದ ಜೀನು ಇನ್ನೂ ಹೆಚ್ಚಂತೆ. ತಿಂಡಿಗೆ ಆಸೆ ಬೀಳೋ ನಾಯಿ ಬೇಗ ಕಲಿಯುತ್ತೆ ಅನ್ನೋದು ಒಂದು ಊಹೆ.

ಜಿಗಣೆ:
ಪಾಪ ಅದು. ಬೈದೂ ಬೈದೂ ಸಾಕಾಗಿತ್ತು.

ತೋಟದ ರೈಟರ್:
ಮಾವ, ನಾಯಿಗೆ ಪಾಪ, ನನಗೆ ಬಾಯಿ ಚಪಲ?

ಜಿಗಣೆ:
ನಾಯಿ ಮಸ್ಟರ್ ಬರೆಯಲ್ಲ. ನಿನಗೆ ಬುದ್ಧಿ ಇದೆ ಅಂತ ಎಸ್ಟೇಟ್‌ನವರು ಸಂಬಳ ಕೊಡ್ತಾರೆ.

ಬಯಾಲಜಿ ಮೇಡಂ:
ಬುದ್ಧಿ ಇರುವುದು ಮೆದುಳಿನ ಮೇಲ್ಪದರದಲ್ಲಿ, ಹಸಿವು ಬುಡದಲ್ಲಿ. ರೈಟರೇ, ಬುಡದವರ ಜೊತೆ ದಿನಾ ವಾದಕ್ಕೆ ಹೋಗಬೇಡಿ, ಸೋಲುತ್ತೀರಿ. ವಾದ ಬರದ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ ಮಸ್ಟರ್‌ಗೆ ಮೊದಲು ಮೊಟ್ಟೆಯೋ ಕಡಲೆಯೋ ತಿಂದು ಹೋಗಿ, ಬರೀ ಕಾಫಿ ಕುಡಿದು ಹೋಗಬೇಡಿ. ಹಣ್ಣು ತೂಕದ ಹೊತ್ತಿಗೆ ಬುತ್ತಿಯಲ್ಲಿ ಏನಾದರೂ ಇರಲಿ. ರಾತ್ರಿ ನಿದ್ದೆ ಕೆಡಿಸಬೇಡಿ. ಬೈಂಬಳೆ (ಕಣಿಲೆ), ಕುಮ್ಮು (ಅಣಬೆ), ಸೊಪ್ಪು ಸಿಗುವ ಕಾಲದಲ್ಲಿ ತಟ್ಟೆಯ ಅರ್ಧ ಅದೇ ಇರಲಿ. ತೂಕ ವಾಪಸ್ ಏರುವುದು ನಿಲ್ಲದಿದ್ದರೆ ಥೈರಾಯ್ಡ್ ಒಮ್ಮೆ ನೋಡಿಸಿ.

ತೋಟದ ರೈಟರ್:
ಥೈರಾಯ್ಡ್ ನೋಡಿಸಿಲ್ಲ, ನೋಡಿಸ್ತೇನೆ ಮೇಡಂ. ಕೊಬ್ಬಿನ ತುಂಡು ವಾಪಸ್ ತಿನ್ನಬಹುದಾ?

ನೈಟ್ ಡ್ಯೂಟಿ:
ಒಂದೆರಡು. ಅತ್ತೆಯವರ ನೆಮ್ಮದಿಗೆ.

ನಾಪೋಕ್ಲು ಲೆಫ್ಟ್ ವಿಂಗ್:
ಕಾಚಂಪುಳಿ (ಹುಳಿ ಹಣ್ಣಿನ ರಸ ಕಾಯಿಸಿದ ಕಪ್ಪು ಹುಳಿ) ಸರಿಯಾಗಿ ಹಾಕಿದ್ರೆ ಕೊಬ್ಬು ಗೊತ್ತೇ ಆಗಲ್ಲ. ಈಗ ಎಲ್ಲಾ ಕಡೆ ಬೆಲ್ಲದ ನೀರಿಗೆ ಹುಣಸೆ ಕಲಸಿ ಮಾರ್ತಾರೆ, ಒಳ್ಳೇದು ಎಲ್ಲಿ ಸಿಗುತ್ತೆ ಯಾರಾದ್ರೂ ಹೇಳಿ.

ಮಳೆಗಾಲದ ಸೊಸೆ:
ನಮ್ಮ ಅತ್ತೆ ಮನೇಲೇ ಕಾಯಿಸ್ತಾರೆ. ಆದ್ರೆ ಮಾರಲ್ಲ, ಮಗನಿಗೇ ಅಳೆದು ಕೊಡ್ತಾರೆ.

ಜಿಗಣೆ:
ಗೋಡಾಕ್ಟ್ರೇ, ನಾಯಿಗೆ ಎಷ್ಟು ಹಾಕ್ಬೇಕು ಅದು ಹೇಳಿ ಮೊದಲು.

ಕುಶಾಲನಗರದ ಗೋಡಾಕ್ಟ್ರು:
ಕರ್ಕೊಂಡು ಬನ್ನಿ, ತೂಕ ಹಾಕಿ ಹೇಳ್ತೇನೆ. ಅಲ್ಲಿವರೆಗೆ ಹಾಕೋದನ್ನ ಕಪ್ಪಲ್ಲಿ ಅಳೆದು ಹಾಕಿ, ಎರಡು ಹೊತ್ತಿಗೆ ಬದಲು ಮೂರು ಹೊತ್ತಿಗೆ ಹಂಚಿ. ಅನ್ನಕ್ಕೆ ಬೇಯಿಸಿದ ಬೀನ್ಸ್, ಸಿಹಿಗುಂಬಳ ಸೇರಿಸಿ. ಪಿಕ್ಕಿಂಗ್‌ಗೆ ಬಂದವರು ಟೀ ಹೊತ್ತಿಗೆ ಬಿಸ್ಕತ್ತು ಎಸೀತಾರಾ?

ಜಿಗಣೆ:
ಅವರೂ ಎಸೀತಾರೆ. ನಮ್ಮನೆಯವಳೂ.

ಕುಶಾಲನಗರದ ಗೋಡಾಕ್ಟ್ರು:
ಹಾಗಾದ್ರೆ ಅವರನ್ನೂ ಕರ್ಕೊಂಡು ಬನ್ನಿ.